ಮಗುವಿಗೆ ಓದು ಬರುತ್ತಿಲ್ಲ: ಶಾಲೆ ಬದಲಿಸಬೇಕೋ, ಮನೆಯಲ್ಲೇ ಕಲಿಸಬೇಕೋ?

2022ರ ಮೇ ತಿಂಗಳ ಒಂದು ಮಧ್ಯಾಹ್ನ ಗಂಗಾವತಿಯ ಬಸ್ ನಿಲ್ದಾಣದಲ್ಲಿ ಸಿಂಧನೂರಿನ ಬಸ್ಸಿಗೆ ಕಾಯುತ್ತಿದ್ದೆವು. ಮಗ ಆಗಷ್ಟೇ ಮೂರನೆಯ ತರಗತಿ ಮುಗಿಸಿದ್ದ. ಹೊತ್ತು ಕಳೆಯಲೆಂದು ಬಸ್ಸುಗಳ ಬೋರ್ಡು ಓದಲು ಹೇಳಿದೆ. ‘ಗಂಗಾವತಿ’, ‘ಕೊಪ್ಪಳ’, ‘ಹೊಸಪೇಟೆ’ ಎಲ್ಲವನ್ನೂ ಪಟಪಟನೆ ಹೇಳಿದ. ಆಮೇಲೆ ‘ಮಸ್ಕಿ’ ಎಂದು ಬರೆದ ಬಸ್ಸು ಬಂತು. ಅವನು ‘ಮಸಿ’ ಎಂದ. ಸರಿಯಾಗಿ ನೋಡು ಎಂದೆ. ನೋಡಿ, ಮತ್ತೆ ‘ಮಸಿ’ ಎಂದೇ ಹೇಳಿ, ಮಸಿ ಎನ್ನುವ ಊರೂ ಇರುತ್ತದೆಯೇ ಎಂದು ನನ್ನನ್ನೇ ಕೇಳಿದ. ‘ಕುಷ್ಟಗಿ’ ಅವನ ಬಾಯಲ್ಲಿ ‘ಕುಷಗಿ’ ಆದಾಗ ಸಂಗತಿ ಹೊಳೆಯಿತು. ಮೊದಲಿನ ಮೂರು ಹೆಸರುಗಳನ್ನು ಅವನು ಓದಿರಲಿಲ್ಲ, ನೆಂಟರ ಮುಖ ಗುರುತಿಸಿದಂತೆ ಗುರುತಿಸಿದ್ದ. ಅಕ್ಷರದ ಕೆಳಗೆ ಬರುವ ಒತ್ತು ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ.

1915ರಲ್ಲಿ ಅಶೋಕನ ಹೆಸರನ್ನೇ ಹೇಳುವ ಶಾಸನ ಸಿಕ್ಕಿದ್ದು ಆ ಮಸ್ಕಿಯಲ್ಲಿ. ಕೊಪ್ಪಳದ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅವನ ಶಾಸನಗಳಿವೆ. ಎರಡು ಸಾವಿರ ವರ್ಷಗಳ ಹಿಂದೆಯೇ ಬಂಡೆಗೆ ಅಕ್ಷರ ಕೊರೆಸಿದ ಸೀಮೆಯಲ್ಲಿ ನನ್ನ ಮಗ ಬಸ್ಸಿನ ಬೋರ್ಡಿಗೆ ಸೋತು ನಿಂತಿದ್ದ. ಶಾಲೆಗೆ ಫೀ ಕಟ್ಟುವುದರಲ್ಲಿ ಮಾತ್ರ ನಾವು ಒಂದು ಕಂತನ್ನೂ ತಪ್ಪಿಸಿರಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ನಮ್ಮ ಮನೆ ಮೂರು ದಾರಿಗಳನ್ನು ತುಳಿದಿದೆ. ಮೂರನೆಯ ತರಗತಿಯವರೆಗೆ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆ, ಒಂದು ವರ್ಷ ಪೂರ್ತಿ ಮನೆಯಲ್ಲೇ ಕಲಿಕೆ, 2023ರ ಜೂನ್‌ನಿಂದ ಸರ್ಕಾರಿ ಕನ್ನಡ ಶಾಲೆ. ನಾನು ಬಿ.ಇಡಿ. ಓದಿದವಳು, ಮದುವೆಗೆ ಮೊದಲು ಎರಡು ವರ್ಷ ಅತಿಥಿ ಶಿಕ್ಷಕಿಯಾಗಿದ್ದವಳು. ಯಜಮಾನರು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ನಮ್ಮದು ಒಂದೇ ಸಂಬಳದ ಮನೆ. ಈ ಹೋಲಿಕೆಯನ್ನು ಓದುವಾಗ ಅದು ನೆನಪಿರಲಿ. ಎರಡು ಸಂಬಳದ ಮನೆಗೂ ಹೊಲದಲ್ಲಿ ದುಡಿಯುವ ಮನೆಗೂ ಲೆಕ್ಕ ಬೇರೆಯಾಗುತ್ತದೆ.

ಒಂದು ಪದದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ‘ಮನೆಪಾಠ’ ಎಂದರೆ ನಮ್ಮಲ್ಲಿ ಟ್ಯೂಷನ್ ಎಂದೇ ಅರ್ಥ. ಆದ್ದರಿಂದ ಹೋಮ್‌ಸ್ಕೂಲಿಂಗ್ ಅನ್ನು ಇಲ್ಲಿ ‘ಮನೆಶಾಲೆ’ ಎಂದು ಕರೆಯುತ್ತೇನೆ.

ತೊಂದರೆ ನಮ್ಮ ಮನೆಯದಷ್ಟೇ ಅಲ್ಲ

ಅಸರ್ ಸಮೀಕ್ಷೆಯವರು ದೇಶದ ಹಳ್ಳಿಗಳ ಮಕ್ಕಳ ಮುಂದೆ ಎರಡನೆಯ ತರಗತಿಯ ಮಟ್ಟದ ಒಂದು ಕಥೆ ಇಟ್ಟು ಓದಿಸುತ್ತಾರೆ. ಸರ್ಕಾರಿ ಶಾಲೆಯ ಐದನೆಯ ತರಗತಿಯ ಮಕ್ಕಳಲ್ಲಿ ಅದನ್ನು ಓದಬಲ್ಲವರು 2018ರಲ್ಲಿ ಶೇ. 44.2, ಕೊರೊನಾ ನಂತರ 2022ರಲ್ಲಿ ಶೇ. 38.5, 2024ರಲ್ಲಿ ಶೇ. 44.8. ಬಿದ್ದದ್ದು ಎದ್ದಿದೆ, ನಿಜ. ಆದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ತಮಗಿಂತ ಮೂರು ತರಗತಿ ಕೆಳಗಿನ ಕಥೆಯನ್ನು ಓದಲಾರರು. ಖಾಸಗಿ ಶಾಲೆಗಳಲ್ಲಿ ಪ್ರಮಾಣ ಹೆಚ್ಚಿದೆ, ಆದರೆ ಅವು 2024ರಲ್ಲೂ 2018ರ ಮಟ್ಟಕ್ಕೆ ಮರಳಿರಲಿಲ್ಲ.

ನಮ್ಮ ಭಾಗಕ್ಕೆ ಹಳೆಯ ಹೊರೆಯೂ ಇದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ಕೊಪ್ಪಳದ್ದು 68.09, ಆಗಿನ್ನೂ ವಿಜಯನಗರ ಜಿಲ್ಲೆ ಬೇರೆಯಾಗಿರದ ಬಳ್ಳಾರಿಯದು 67.43, ರಾಯಚೂರಿನದು 59.56. ಅಂದರೆ ಇಂದಿನ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಓದಿ ತೋರಿಸುವವರೇ ಇಲ್ಲ. ಅದರ ಮೇಲೆ ಗುಳೆ. ಬಿತ್ತನೆ ಬೀಜದ ಹೊಲಗಳಲ್ಲಿ ಕ್ರಾಸಿಂಗ್, ಅಂದರೆ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕೆಲಸ, ಶುರುವಾದರೆ, ಮೆಣಸಿನಕಾಯಿ ಕೊಯ್ಲಿಗೆ ಬಂದರೆ ಹಾಜರಿ ಪುಸ್ತಕದ ತುಂಬ ಕೆಂಪು ಗೀಟು. ಅತಿಥಿ ಶಿಕ್ಷಕಿಯಾಗಿದ್ದಾಗ ಅದನ್ನು ನನ್ನ ಕೈಯಾರೆ ಹಾಕಿದ್ದೇನೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿಯಿತು, ಅದೂ ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೆ. ಕೊನೆಯ ಸ್ಥಾನದಲ್ಲಿದ್ದದ್ದು ನಮ್ಮ ನೆರೆಯ ಯಾದಗಿರಿ, ಶೇ. 50.59. ಆ ಹತ್ತನೆಯ ತರಗತಿಯ ಸೋಲಿನ ಬೇರು ಹತ್ತನೆಯಲ್ಲಿಲ್ಲ, ಮೂರನೆಯಲ್ಲಿದೆ ಎಂಬುದು ನನ್ನ ಅನಿಸಿಕೆ.

ಮೊದಲು ಮನೆಯಲ್ಲೇ ಓದಿಸಿ ನೋಡಿ

ಶಾಲೆ ಬದಲಿಸುವ ಮಾತು ಆಮೇಲಿರಲಿ. ಅಸರ್‌ನ ಮಾದರಿಯಲ್ಲೇ ಒಂದು ಹಾಳೆ ಮಾಡಿಕೊಳ್ಳಿ: ಹತ್ತು ಅಕ್ಷರ, ಹತ್ತು ಸಣ್ಣ ಪದ, ನಾಲ್ಕು ಸಾಲಿನ ಒಂದು ಪರಿಚ್ಛೇದ, ಎಂಟು ಹತ್ತು ಸಾಲಿನ ಒಂದು ಪುಟ್ಟ ಕಥೆ. ಅಕ್ಷರ, ಪದಗಳಲ್ಲಿ ಯಾವುದಾದರೂ ಐದನ್ನು ಓದಿಸಿ ನಾಲ್ಕು ಸರಿಯಾದರೆ ಆ ಮೆಟ್ಟಿಲು ದಾಟಿದಂತೆ. ಕಥೆ ಮಾತ್ರ ಪಠ್ಯಪುಸ್ತಕದ್ದಾಗಿರಬಾರದು. ನನ್ನ ಮಗನಿಗೆ ಅವನ ಪಠ್ಯದ ಪಾಠಗಳು ಪುಟ ತಿರುವಿದೊಡನೆ ಬಾಯಿಗೆ ಬರುತ್ತಿದ್ದವು. ಚಿತ್ರದ ಮೇಲೆ ಕೈ ಮುಚ್ಚಿದರೆ ನಿಂತುಬಿಡುತ್ತಿದ್ದವು.

ಇದಕ್ಕೆ ನಾನು ಮೂರು ಸೇರಿಸುತ್ತೇನೆ. ಒಂದು, ಒತ್ತಕ್ಷರದ ಪದಗಳು, ಅದರಲ್ಲೂ ‘ಅಕ್ಕ’ದಂತಹ ಸುಲಭದವಲ್ಲ, ‘ಮಸ್ಕಿ’ಯಂತಹವು. ಎರಡು, ಐದು ಪದಗಳ ಉಕ್ತಲೇಖನ. ಮೂರು, ಓದಿದ ಕಥೆಯನ್ನು ಮಗು ಮನೆಯ ಮಾತಿನಲ್ಲಿ ತಿರುಗಿ ಹೇಳಬೇಕು. ಈ ಮೂರನೆಯದೇ ಮುಖ್ಯ. ನೀವು ಓದಿ ಹೇಳಿದ ಕಥೆಯನ್ನು ಚೆನ್ನಾಗಿ ತಿರುಗಿ ಹೇಳುವ ಮಗು ತಾನೇ ಓದಲಾರದಿದ್ದರೆ ತೊಡಕಿರುವುದು ಅಕ್ಷರದಲ್ಲಿ, ಕೆಲವು ತಿಂಗಳಲ್ಲಿ ಬಿಡಿಸಬಹುದಾದ ತೊಡಕು. ನಿಲ್ಲದೆ ಓದಿಯೂ ಏನೂ ಹೇಳಲಾರದಿದ್ದರೆ ತೊಡಕಿರುವುದು ಭಾಷೆಯಲ್ಲಿ. ಅದು ನಿಧಾನದ ಕೆಲಸ. ಸಿಂಧನೂರು, ಗಂಗಾವತಿ ಸುತ್ತ ಹೊರಗಿನಿಂದ ಬಂದು ನೆಲೆಸಿದವರ ಕ್ಯಾಂಪುಗಳ ತೆಲುಗು ಮನೆಗಳಲ್ಲಿ, ಬಂಗಾಳಿ ಮನೆಗಳಲ್ಲಿ, ತಾಂಡಾಗಳಲ್ಲಿ ಈ ಎರಡನೆಯ ಬಗೆ ಹೆಚ್ಚು. ಅಲ್ಲಿನ ಮಕ್ಕಳಿಗೆ ಅಕ್ಷರ ಗೊತ್ತು, ಪದ ಗೊತ್ತಿಲ್ಲ.

ಹೆದರುವ ಮೊದಲು ಇನ್ನೊಂದು ಮಾತು. ಕನ್ನಡದ ವರ್ಣಮಾಲೆ 49 ಅಕ್ಷರಗಳಿಗೆ ಮುಗಿಯುವುದಿಲ್ಲ. 34 ವ್ಯಂಜನಗಳಿಗೆ ಕಾಗುಣಿತ ಸೇರಿದರೆ ಐನೂರು ದಾಟುತ್ತದೆ, ಒತ್ತಕ್ಷರ ಬೇರೆ. ಎರಡನೆಯ ತರಗತಿಯ ಮಗು ಒತ್ತಿಗೆ ಎಡವಿದರೆ ಅದು ಸಹಜ, ನಾಲ್ಕನೆಯದು ಎಡವಿದರೆ ಎಚ್ಚರವಾಗಬೇಕು. ವರ್ಷವಿಡೀ ಕೂಡಿಸಿ ಕಲಿಸಿದರೂ ಅಕ್ಷರ ನಿಲ್ಲದಿದ್ದರೆ ಕಣ್ಣು, ಕಿವಿ ತೋರಿಸಿ, ಡಿಸ್ಲೆಕ್ಸಿಯಾ ಇದೆಯೇ ಎಂದೂ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಗೂ ಜಾಗವಿದೆ. ಅಂತಹ ಮಗುವಿಗೆ ಬೈಗುಳವೂ ಬೇಡ, ಶಾಲೆಯ ಬದಲಾವಣೆಯೂ ಮೊದಲ ಮದ್ದಲ್ಲ.

ಖಾಸಗಿ ಇಂಗ್ಲಿಷ್ ಮಾಧ್ಯಮ

ಇಂಗ್ಲಿಷ್ ಬೇಕು ಎನ್ನುವ ತಂದೆತಾಯಿಯರನ್ನು ನಗುವವರ ಗುಂಪಿಗೆ ನಾನು ಸೇರಿದವಳಲ್ಲ. ತುಂಗಭದ್ರೆಯ ಕಾಲುವೆಯ ಕೊನೆಯಲ್ಲಿ ಎರಡು ಎಕರೆ ಇರುವವನಿಗೂ ತನ್ನ ಮಗಳು ಬೆಂಗಳೂರಿನ ಕಚೇರಿಯಲ್ಲಿ ತಲೆಯೆತ್ತಿ ಮಾತನಾಡಬೇಕೆಂಬ ಆಸೆ ಇರುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟ್ ಕೂಡ ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು.

ಆದರೆ ಸಿಗುವುದೇನು ಎಂದು ನೋಡಬೇಕು. ನಮ್ಮ ಊರಿನಂತಹ ಊರುಗಳ ಹೆಚ್ಚಿನ ಶಾಲೆಗಳಲ್ಲಿ ಬೋರ್ಡು ಇಂಗ್ಲಿಷಿನದು, ಪಾಠ ಅರೆ ಕನ್ನಡದ್ದು, ಪರೀಕ್ಷೆ ಬಾಯಿಪಾಠದ್ದು. ಮಗನ ನೋಟ್‌ಬುಕ್ಕುಗಳು ನೋಡಲು ಚೆಂದ. ಹಲಗೆಯ ಮೇಲಿದ್ದದ್ದನ್ನು ಮುತ್ತಿನಂತೆ ಇಳಿಸಿರುತ್ತಿದ್ದ. ತಾನು ಬರೆದ ಸಾಲನ್ನೇ ಬೆರಳಿಟ್ಟು ಓದು ಎಂದರೆ ಬೆರಳು ಒಂದು ಕಡೆ, ಬಾಯಿ ಇನ್ನೊಂದು ಕಡೆ. ಕನ್ನಡ ಕಲಿಕೆಗೆ 2015ರ ಕಾಯ್ದೆ ಇದ್ದರೂ ದಿನಕ್ಕೆ ಸಿಗುವುದು ಒಂದು ಪೀರಿಯಡ್, ವಾರ್ಷಿಕೋತ್ಸವ ಬಂದರೆ ಮೊದಲು ಹೋಗುವುದೂ ಅದೇ. ಹೀಗೆ ಒಂದು ಭಾಷೆ ಬರುವ ಮೊದಲೇ ಇನ್ನೊಂದು ಹೊರಟುಹೋಗುತ್ತದೆ.

ಈ ದಾರಿ ಸರಿಹೋಗುವುದು ಎರಡು ಸಂದರ್ಭಗಳಲ್ಲಿ. ಮನೆಯಲ್ಲಿ ಯಾರಾದರೂ ಮಗುವಿನೊಡನೆ ಇಂಗ್ಲಿಷ್ ಓದಿ ಅರ್ಥ ಹೇಳಬಲ್ಲವರಿದ್ದರೆ, ಅಥವಾ ಶಾಲೆಯೇ ನಿಜವಾಗಿ ಓದಿಸುತ್ತಿದ್ದರೆ. ಎರಡನೆಯದನ್ನು ಪರೀಕ್ಷಿಸುವುದು ಸುಲಭ. ಪ್ರವೇಶಕ್ಕೆ ಹೋದಾಗ ಕಂಪ್ಯೂಟರ್ ಕೊಠಡಿ ತೋರಿಸುತ್ತಾರೆ. ಅದರ ಬದಲು ಎರಡನೆಯ ತರಗತಿಯ ಒಂದು ಮಗುವಿನ ಕೈಗೆ ಅದು ಹಿಂದೆ ನೋಡಿರದ ಒಂದು ಪುಟ ಕೊಟ್ಟು ಓದಿಸಲು ಕೇಳಿ. ಒಪ್ಪಿದರೆ ಒಳ್ಳೆಯ ಶಾಲೆ. ಇಂಗ್ಲಿಷ್ ಬೇಕು, ಫೀ ಕಟ್ಟಲು ಆಗದು ಎನ್ನುವವರು 2019ರಿಂದ ಆಯ್ದ ಸರ್ಕಾರಿ ಶಾಲೆಗಳಲ್ಲಿ ಇರುವ ಇಂಗ್ಲಿಷ್ ಮಾಧ್ಯಮ ವಿಭಾಗಗಳನ್ನೂ ಕರ್ನಾಟಕ ಪಬ್ಲಿಕ್ ಶಾಲೆಗಳನ್ನೂ ವಿಚಾರಿಸಬಹುದು. ಅಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ.

ಸರ್ಕಾರಿ ಕನ್ನಡ ಶಾಲೆ

ಒಳಗಿನಿಂದ ನೋಡಿದ್ದರಿಂದ ಇಲ್ಲಿ ಹೊಗಳಿಕೆಗೂ ದೂರಿಗೂ ನನಗೆ ಹಕ್ಕಿದೆ. ಕೊರತೆ ಎಲ್ಲರಿಗೂ ಗೊತ್ತು: ಹುದ್ದೆ ಖಾಲಿ, ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಶಾಲೆ ಶುರುವಾಗಿ ವಾರಗಳೇ ಕಳೆದಿರುತ್ತವೆ, ಇರುವ ಶಿಕ್ಷಕರಿಗೆ ಸಮೀಕ್ಷೆ, ಆನ್‌ಲೈನ್ ದಾಖಲೆ, ತರಬೇತಿ. ಒಂದರಿಂದ ಮೂರನೆಯ ತರಗತಿಗೆ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009ರ ಹೊತ್ತಿಗೆ ರಾಜ್ಯವೆಲ್ಲ ಹರಡಿದ ಪದ್ಧತಿ. ಮಕ್ಕಳು ತಮ್ಮ ವೇಗದಲ್ಲಿ ಕಾರ್ಡಿನಿಂದ ಕಾರ್ಡಿಗೆ, ಮೆಟ್ಟಿಲಿನಿಂದ ಮೆಟ್ಟಿಲಿಗೆ ಹೋಗುತ್ತಾರೆ. ಯೋಚನೆ ಚಿನ್ನದಂತಹದು. ಒಬ್ಬರೇ ಶಿಕ್ಷಕಿಗೆ ಮೂರೂ ತರಗತಿ ಬಿದ್ದಾಗ ಎಲ್ಲ ಮಕ್ಕಳ ಮೆಟ್ಟಿಲನ್ನೂ ದಿನವೂ ನೋಡಲು ಆಗುವುದಿಲ್ಲ. ಅಲ್ಲಿ ತಪ್ಪಿಸಿಕೊಂಡ ಮಗು ನಾಲ್ಕನೆಯ ತರಗತಿಗೆ ಬಂದು ಕೂತಾಗಲೇ ಸಿಕ್ಕಿಬೀಳುವುದು.

ಲಾಭಗಳನ್ನು ನಾವು ಕಡಿಮೆ ಎಣಿಸುತ್ತೇವೆ. ಮಗುವಿಗೆ ತಿಳಿಯುವ ಭಾಷೆಯಲ್ಲಿ ವಿಜ್ಞಾನ, ಗಣಿತ ಕಿವಿಗೆ ಬೀಳುತ್ತದೆ; ಭಾಷೆ ಬೆಳೆಯುವುದು ಕನ್ನಡದ ಪೀರಿಯಡ್ಡಿನಲ್ಲಿ ಮಾತ್ರವಲ್ಲ. ಶಿಕ್ಷಕರು ತರಬೇತಾದವರು. ಪುಸ್ತಕ ಉಚಿತ, ಮಧ್ಯಾಹ್ನದ ಊಟವಿದೆ. 2002ರಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರು ಮೂರೂ ಸೇರಿದ್ದವು.

ಸರ್ಕಾರಿ ಶಾಲೆಗಳೆಲ್ಲ ಒಂದೇ ಎಂದು ತಿಳಿಯುವುದೇ ದೊಡ್ಡ ತಪ್ಪು. ಮಗನನ್ನು ಸೇರಿಸುವ ಮೊದಲು ಎರಡು ಶಾಲೆ ನೋಡಿದೆ. ಮೊದಲನೆಯದರಲ್ಲಿ ಗ್ರಂಥಾಲಯದ ಪುಸ್ತಕಗಳು ಅಲ್ಮಾರಿಯಲ್ಲಿದ್ದವು. ಕೀಲಿ ಯಾರ ಬಳಿ ಇದೆ ಎಂದು ಹುಡುಕುವುದರಲ್ಲೇ ಕಾಲು ಗಂಟೆ ಹೋಯಿತು. ಬಾಗಿಲು ತೆಗೆದರೆ ಪುಸ್ತಕಗಳಿಗೆ ಹೊಸ ವಾಸನೆ, ಕೆಲವಕ್ಕೆ ಕಟ್ಟಿದ ದಾರವನ್ನೂ ಬಿಚ್ಚಿರಲಿಲ್ಲ. ಎರಡನೆಯದರ ಕಟ್ಟಡ ಇನ್ನೂ ಹಳೆಯದು, ಮಳೆ ಬಂದರೆ ಒಂದು ಮೂಲೆ ಸೋರುತ್ತದೆ. ಆದರೆ ತರಗತಿಯ ಒಂದು ಗೋಡೆಯಿಂದ ಇನ್ನೊಂದಕ್ಕೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕಿದಂತೆ ಕಥೆ ಪುಸ್ತಕಗಳನ್ನು ನೇತುಹಾಕಿದ್ದರು. ಮೂಲೆಗಳೆಲ್ಲ ಮುದುಡಿದ್ದವು, ಒಂದಕ್ಕೆ ರಕ್ಷಾಪುಟವೇ ಇರಲಿಲ್ಲ, ಇನ್ನೊಂದರ ಮೇಲೆ ಸಾರಿನ ಕಲೆ. ಮುಖ್ಯ ಗುರುಗಳು ಸಂಕೋಚದಿಂದ, ಮಕ್ಕಳು ಹಾಳು ಮಾಡಿಬಿಟ್ಟಿದ್ದಾರೆ ಎಂದರು. ನಾನು ಆ ಕಲೆಯನ್ನು ನೋಡಿಯೇ ಅರ್ಜಿ ತುಂಬಿದೆ.

ಮನೆಶಾಲೆ

ಮೊದಲು ಕಾನೂನು. 2002ರ 86ನೆಯ ತಿದ್ದುಪಡಿ ಶಿಕ್ಷಣವನ್ನು 6ರಿಂದ 14 ವರ್ಷದ ಮಕ್ಕಳ ಮೂಲಭೂತ ಹಕ್ಕಾಗಿಸಿತು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 10ನೆಯ ಕಲಂ ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎನ್ನುತ್ತದೆ. ಆದರೆ ಸೇರಿಸದ ಪಾಲಕರಿಗೆ ಶಿಕ್ಷೆಯನ್ನು ಆ ಕಾಯ್ದೆಯಲ್ಲಿ ಬರೆದಿಲ್ಲ. ಮನೆಶಾಲೆಗೆ ಅನುಮತಿ ಕೊಡುವ ವಿಧಾನವೂ ಅದರಲ್ಲಿಲ್ಲ. ಬೆಂಗಳೂರು, ಪುಣೆಯ ಕುಟುಂಬಗಳು ಈ ಸಂದಿಯಲ್ಲೇ ನೆಮ್ಮದಿಯಾಗಿ ಮನೆಶಾಲೆ ನಡೆಸುತ್ತಿವೆ. ನಮ್ಮ ಕಡೆ ಅಷ್ಟು ಸಲೀಸಲ್ಲ. ಬಾಲಕಾರ್ಮಿಕ ಪದ್ಧತಿ, ಬಾಲ್ಯವಿವಾಹಗಳ ಭಯ ಇರುವ ಸೀಮೆಯಲ್ಲಿ ಶಾಲೆ ಬಿಟ್ಟ ಮಗು ಎಂದರೆ ಹುಡುಕಿಕೊಂಡು ಬರುತ್ತಾರೆ, ಬರಲೂಬೇಕು. ನಮ್ಮ ಮನೆಗೂ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿ.ಆರ್.ಪಿ. ಬಂದರು. ಟೇಬಲ್ಲಿನ ಮೇಲಿದ್ದ ನೋಟ್‌ಬುಕ್ಕುಗಳನ್ನು ತಿರುವಿ, ಚಹಾ ಕುಡಿದು, ಮುಂದಿನ ಜೂನ್‌ನಲ್ಲಾದರೂ ಸೇರಿಸಿ ತಾಯಿ ಎಂದು ಹೇಳಿ ಹೋದರು.

ಇನ್ನು ಕಲಿಕೆ. ಆ ವರ್ಷದ ಮೊದಲ ನಾಲ್ಕು ತಿಂಗಳು ನನ್ನ ಮಗ ಕಲಿತಷ್ಟು ಹಿಂದಿನ ಮೂರು ವರ್ಷದಲ್ಲಿ ಕಲಿತಿರಲಿಲ್ಲ, ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ಕಾರಣ ನನ್ನ ಬಿ.ಇಡಿ. ಅಲ್ಲ, ನಮ್ಮ ಅತ್ತೆ. ಅವರಿಗೆ ಓದು ಬಾರದು, ಕಥೆ ಬರುತ್ತದೆ. ಬೆಳಿಗ್ಗೆ ಅವರು ಕಥೆ ಹೇಳುವುದು, ನಾನು ದಪ್ಪ ಅಕ್ಷರದಲ್ಲಿ ಬರೆಯುವುದು, ಮಧ್ಯಾಹ್ನ ಮಗ ಅದನ್ನೇ ಓದುವುದು ನಮ್ಮ ಪಾಠವಾಯಿತು. ಅರ್ಥ ಮೊದಲೇ ಗೊತ್ತಿದ್ದುದರಿಂದ ಅವನ ಗಮನವೆಲ್ಲ ಅಕ್ಷರದ ಮೇಲೆ ಕೂತಿತು, ಒತ್ತುಗಳು ಕಣ್ಣಿಗೆ ಬೀಳತೊಡಗಿದವು. ಆಗಸ್ಟ್‌ನಲ್ಲಿ ಅವನೇ ಬರೆಯಲು ಶುರು ಮಾಡಿದ. ಒಂದು ದಿನ ನರಿ ಸಂತೆಗೆ ಹೋದ ಕಥೆಯನ್ನು ಬರೆದು ಅಜ್ಜಿಯ ಮುಂದೆ ಓದಿದ. ನರಿ ಈರುಳ್ಳಿ ಕೊಂಡಿತು ಎಂದಾಗ ಅತ್ತೆ ತಡೆದು, ನಾನು ಹಾಗೆ ಹೇಳಲೇ ಇಲ್ಲ, ಉಳ್ಳಾಗಡ್ಡಿ ಎಂದೆ ಎಂದರು. ಪುಸ್ತಕದಲ್ಲಿ ಹಾಗೆ ಬರೆಯಬಾರದು ಎಂದು ಇವನು. ಯಾರು ಹೇಳಿದ್ದು ಎಂದು ಅವರು. ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಎರಡು ಕಂಬ ಎಳೆದೆವು: ಒಂದರಲ್ಲಿ ಜಳಕ, ಶೇಂಗಾ, ಉಳ್ಳಾಗಡ್ಡಿ, ಎದುರಿಗೆ ಸ್ನಾನ, ಕಡಲೆಕಾಯಿ, ಈರುಳ್ಳಿ. ವರ್ಷದ ಕೊನೆಗೆ ಆ ಪಟ್ಟಿ ಏಳು ಪುಟ ಆಗಿತ್ತು. ಮನೆಯ ಮಾತನ್ನು ತಪ್ಪು ಎನ್ನದೆ ಪುಸ್ತಕದ ಮಾತನ್ನು ಪಕ್ಕಕ್ಕೆ ತಂದು ಕೂರಿಸಲು ನಲವತ್ತು ಮಕ್ಕಳ ತರಗತಿಯಲ್ಲಿ ಯಾರಿಗೆ ಪುರುಸೊತ್ತು?

ದೀಪಾವಳಿ ಕಳೆದ ಮೇಲೆ ಗಾಡಿ ಹಳಿ ತಪ್ಪಿತು. ಮದುವೆ, ಜಾತ್ರೆ, ಮೂರು ವರ್ಷದ ಮಗಳಿಗೆ ಜ್ವರ, ನನಗೆ ಬೆನ್ನು ನೋವು. ಪಾಠ ನಡೆದ ದಿನ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದೆ; ಮಾರ್ಚ್‌ನಲ್ಲಿ ಎಣಿಸಿದರೆ 131 ಗೀಟು. ಕಾಯ್ದೆಯ ಪ್ರಕಾರ ಪ್ರಾಥಮಿಕ ಶಾಲೆ ವರ್ಷಕ್ಕೆ 200 ದಿನ ನಡೆಯಬೇಕು. ಶಾಲೆಯ ಶಿಕ್ಷಕರು ಅಷ್ಟು ರಜೆ ಹಾಕಿದ್ದರೆ ನಾನೇ ದೂರು ಬರೆಯುತ್ತಿದ್ದೆ. ಭಾಷೆ ಮುಂದೆ ಹೋಯಿತು, ಗಣಿತ ಹಿಂದೆ ಬಿತ್ತು, ಹಿಂದಿಯನ್ನು ಮುಟ್ಟಲೇ ಇಲ್ಲ. ತಾಯಿಯೇ ಟೀಚರ್ ಆದರೆ ಬೆಳಗಿನ ಭಾಗಾಕಾರದ ಸಿಟ್ಟು ಮಧ್ಯಾಹ್ನದ ಊಟಕ್ಕೂ ಬಂದು ಕೂರುತ್ತದೆ ಎಂಬುದನ್ನು ಯಾರೂ ನನಗೆ ಹೇಳಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ, ಸಂಜೆ ನಾಲ್ಕೂವರೆಗೆ ಓಣಿಯಲ್ಲಿ ಶಾಲೆಯ ವ್ಯಾನು ನಿಲ್ಲುವ ಹೊತ್ತಿಗೆ ಅವನು ಗೇಟಿನ ಬಳಿ ಹೋಗಿ ನಿಲ್ಲುತ್ತಿದ್ದ. ಇಳಿದ ಹುಡುಗರು ಬ್ಯಾಗು ಎಸೆದು ಆಟಕ್ಕೆ ಬರುವವರೆಗೂ ಅಲ್ಲೇ. ದೊಡ್ಡ ನಗರಗಳಲ್ಲಿ ಮನೆಶಾಲೆಯ ಹತ್ತು ಕುಟುಂಬಗಳು ವಾರಕ್ಕೊಮ್ಮೆ ಪಾರ್ಕಿನಲ್ಲಿ ಸೇರುತ್ತವಂತೆ. ನನಗೆ ತಿಳಿದ ಮಟ್ಟಿಗೆ ನಮ್ಮ ತಾಲೂಕಿನಲ್ಲಿ ಇದ್ದದ್ದು ನಮ್ಮದೊಂದೇ ಮನೆ.

ಕಾಗದಪತ್ರದ ಲೆಕ್ಕ

ಮನೆಶಾಲೆಯ ಬಗ್ಗೆ ಉತ್ಸಾಹದಿಂದ ಮಾತನಾಡುವವರು ಇದನ್ನು ಹೇಳುವುದಿಲ್ಲ, ಬಹುಶಃ ಅವರಿಗೆ ಇದು ಬೇಕಾಗುವುದೂ ಇಲ್ಲ. ನಮ್ಮಂಥವರಿಗೆ ಬೇಕು.

ಪರೀಕ್ಷೆಗೆ ದಾರಿ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್, 1989ರಿಂದ ಇದೆ. ಅದರ ಮುಕ್ತ ಮೂಲ ಶಿಕ್ಷಣದಲ್ಲಿ 3, 5, 8ನೆಯ ತರಗತಿಗಳಿಗೆ ಸಮನಾದ ಮೂರು ಹಂತಗಳಿವೆ. 14 ತುಂಬಿದವರು ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು, ಐದು ವರ್ಷದೊಳಗೆ ವಿಷಯಗಳನ್ನು ಬಿಡಿಬಿಡಿಯಾಗಿ ಮುಗಿಸಬಹುದು. ಆ ಪ್ರಮಾಣಪತ್ರಕ್ಕೆ ಉಳಿದ ಮಂಡಳಿಗಳದರಷ್ಟೇ ಬೆಲೆ ಇದೆ.

ಆದರೆ ನಮ್ಮ ರಾಜ್ಯದಲ್ಲಿ ಎಷ್ಟೋ ಬಾಗಿಲುಗಳು ತೆರೆಯುವುದು ‘ಎಲ್ಲಿ ಓದಿದೆ’ ಎಂಬ ಪತ್ರದಿಂದ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗಿರುವ ಶೇ. 15ರ ಮೀಸಲಿಗೆ ಒಂದರಿಂದ ಹತ್ತನೆಯ ತರಗತಿ ಪೂರ್ತಿ ಗ್ರಾಮೀಣ ಶಾಲೆಯಲ್ಲಿ, ಕನ್ನಡ ಮಾಧ್ಯಮದ ಶೇ. 5ಕ್ಕೆ ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಸರ್ಕಾರಿ ನೌಕರಿಯ ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಿಗೂ ಇಂಥದೇ ನಿಯಮ. ಸಿಇಟಿ ಬರೆಯುವ ಹೆಚ್ಚಿನವರು ತೋರಿಸುವ ಅರ್ಹತೆಯೇ ರಾಜ್ಯದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕನಿಷ್ಠ 7 ವರ್ಷ ಓದಿದ್ದೇನೆ ಎಂಬುದು. ಕೇಂದ್ರ ಸರ್ಕಾರದ ವಸತಿ ಶಾಲೆಯಾದ ನವೋದಯದ ಆರನೆಯ ತರಗತಿಗೆ ಪರೀಕ್ಷೆ ಬರೆಯಬೇಕಾದರೆ 3, 4, 5ನೆಯ ತರಗತಿಗಳನ್ನು ಶಾಲೆಯಲ್ಲೇ ಪೂರ್ತಿ ಮುಗಿಸಿರಬೇಕು. ನಾಲ್ಕನೆಯ ತರಗತಿಯನ್ನು ಮನೆಯಲ್ಲಿ ಕಳೆದ ನನ್ನ ಮಗನಿಗೆ ನವೋದಯದ ಅರ್ಜಿಯನ್ನೇ ಹಾಕಲಾಗಲಿಲ್ಲ. ಕನ್ನಡ ಮಾಧ್ಯಮದ ಮೀಸಲು ಅದಕ್ಕೂ ಮೊದಲೇ, ಇಂಗ್ಲಿಷ್ ಮಾಧ್ಯಮದ ಒಂದನೆಯ ತರಗತಿಗೆ ಸೇರಿಸಿದ ದಿನವೇ ಹೋಗಿತ್ತು. ಆ ದಿನ ನಾವು ಓಣಿಗೆಲ್ಲ ಪೇಢೆ ಹಂಚಿದ್ದೆವು.

ಮನೆಯಿಂದ ಶಾಲೆಗೆ ಮರಳುವುದು ಮಾತ್ರ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 4ನೆಯ ಕಲಂನಂತೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಹಳೆಯ ಶಾಲೆಯ ಟಿ.ಸಿ., ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿಗಿರುವ ಸ್ಯಾಟ್ಸ್ ಸಂಖ್ಯೆ, ಆಧಾರ್ ಇದ್ದರೆ ಕೆಲಸ ಬೇಗ ಆಗುತ್ತದೆ. ಸ್ಯಾಟ್ಸ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಮೊರಾರ್ಜಿ ವಸತಿ ಶಾಲೆಯ ಅರ್ಜಿಗೂ ಅದನ್ನೇ ಕೇಳುತ್ತಾರೆ.

ಶಾಲೆಯ ಜೊತೆಗೆ ಮನೆಯಲ್ಲಿ ಒಂದು ಗಂಟೆ

ಈಗ ನಾವು ನಡೆಯುತ್ತಿರುವ ದಾರಿ ಇದು. ಮನೆಶಾಲೆಯಲ್ಲಿ ಕೆಲಸಕ್ಕೆ ಬಂದದ್ದನ್ನು ಮಾತ್ರ ಉಳಿಸಿಕೊಂಡೆವು: ಅತ್ತೆಯ ಕಥೆ, ಎರಡು ಕಂಬದ ಪಟ್ಟಿ, ದಿನಕ್ಕೆ ಒಂದು ಪುಟ ಗಟ್ಟಿಯಾಗಿ ಓದು, ಐದು ಪದದ ಉಕ್ತಲೇಖನ. ಒಂದು ಗಂಟೆ ಎನ್ನುತ್ತೇನೆ, ಎಷ್ಟೋ ದಿನ ಅದು ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ಹೋಮ್‌ವರ್ಕ್ ಈ ಗಂಟೆಯೊಳಗೆ ಬರಕೂಡದು ಎಂಬುದೊಂದೇ ಕಟ್ಟುನಿಟ್ಟು. ಟ್ಯೂಷನ್ ಇದಕ್ಕೆ ಬದಲಿಯಲ್ಲ. ಟ್ಯೂಷನ್ನಿನಲ್ಲಿ ನಡೆಯುವುದು ಪ್ರಶ್ನೋತ್ತರ, ಅದೂ ಗೈಡಿನಿಂದ.

ಓದುವುದಕ್ಕೆ ಏನು ಎಂದು ಕೇಳುವವರಿಗೆ: ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಮೊಬೈಲ್ ಇದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಮಟ್ಟಕ್ಕೆ ತಕ್ಕಂತೆ ಸಿಗುತ್ತವೆ, ದುಡ್ಡು ಬೇಕಿಲ್ಲ. ಮನೆಯಲ್ಲಿ ಯಾರಿಗೂ ಓದು ಬಾರದಿದ್ದರೆ? ಮಗು ಓದಲಿ, ನೀವು ಕೇಳಿ, ಅರ್ಥವಾಗದ ಕಡೆ ತಡೆದು ಕೇಳಿ. ನಮ್ಮ ಅತ್ತೆ ಮಾಡಿದ್ದು ಅಷ್ಟೇ.

ಹಾಗಾದರೆ ಯಾವುದು?

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆ ಮನೆಶಾಲೆಯ ಯೋಚನೆಯನ್ನೇ ಮಾಡಬಾರದು. ಮೊಬೈಲ್ ಮುಂದೆ ಕೂರಿಸಿ ಹೋಗುವುದಕ್ಕೆ ಶಾಲೆ ಎಂಬ ಹೆಸರು ಬೇಡ. ಹೆಣ್ಣುಮಗುವನ್ನು ‘ಮನೆಯಲ್ಲೇ ಓದಿಸುತ್ತೇವೆ’ ಎಂದು ಆರು ಏಳನೆಯ ತರಗತಿಯಲ್ಲಿ ಬಿಡಿಸುವವರ ಮಾತನ್ನು ನಾನು ನಂಬುವುದಿಲ್ಲ, ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಎಲ್ಲರಿಗೂ ಗೊತ್ತು. ಗುಳೆ ಹೋಗುವವರು ಊರಲ್ಲಿ ಅಜ್ಜ ಅಜ್ಜಿ ಇದ್ದರೆ ಮಗುವನ್ನು ಅಲ್ಲೇ ಬಿಟ್ಟು, ಇಲ್ಲವಾದರೆ ವಸತಿ ಶಾಲೆ ವಿಚಾರಿಸುವುದು ಮೇಲು. ಮನೆಶಾಲೆ ಒಪ್ಪುವುದು ತೀರ ಕೆಲವರಿಗೆ: ಕಾಯಿಲೆಯಿಂದ ಶಾಲೆಗೆ ಹೋಗಲಾರದ ಮಗು, ಶಾಲೆಯಲ್ಲಿ ನೊಂದು ಮಾತೇ ನಿಲ್ಲಿಸಿದ ಮಗು. ಅದೂ ದಿನಕ್ಕೆ ಮೂರು ಗಂಟೆ ಕೂರುವ ಒಬ್ಬ ದೊಡ್ಡವರು ಮನೆಯಲ್ಲಿದ್ದರೆ, ಒಂದು ವರ್ಷದ ಮಟ್ಟಿಗೆ, ನವೋದಯದ ಲೆಕ್ಕ ತಿಳಿದುಕೊಂಡು. ಉಳಿದವರಿಗೆ ಹತ್ತಿರದ, ಪುಸ್ತಕದ ಅಲ್ಮಾರಿಗೆ ಬೀಗ ಹಾಕದ ಕನ್ನಡ ಶಾಲೆ, ಸಂಜೆಯ ಒಂದು ಗಂಟೆ. ನನ್ನ ಮಗಳನ್ನು ಒಂದನೆಯ ತರಗತಿಗೆ ಸೇರಿಸಿದ್ದು ಅಣ್ಣನ ಶಾಲೆಗೇ.

ಕಳೆದ ತಿಂಗಳು ಕ್ಯಾಂಪಿನ ಒಬ್ಬ ತಾಯಿ ನಾಲ್ಕನೆಯ ತರಗತಿಯ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಅವರದು ತೆಲುಗಿನ ಮನೆ, ಹುಡುಗಿಯದು ಕನ್ನಡ ಶಾಲೆ. ಇವಳಿಗೆ ಏನೂ ಬರುವುದಿಲ್ಲ ಅಕ್ಕಾ, ಬಿಡಿಸಿ ನಿಮ್ಮ ಹಾಗೆ ಮನೆಯಲ್ಲೇ ಕಲಿಸಬೇಕೆಂದಿದ್ದೇವೆ ಎಂದರು. ಟಿ.ಸಿ.ಗೆ ಅರ್ಜಿಯನ್ನೂ ಬರೆಸಿಕೊಂಡು ಬಂದಿದ್ದರು. ನಾನು ಹಳೆಯ ಹಾಳೆ ತೆಗೆದು ಕೊಟ್ಟೆ. ಹುಡುಗಿ ಅಕ್ಷರ, ಪದ ದಾಟಿ, ಪರಿಚ್ಛೇದ ದಾಟಿ, ಕಥೆಯ ಕೊನೆಯ ಸಾಲಿನವರೆಗೆ ಓದಿದಳು. ‘ಮಸ್ಕಿ’ಯನ್ನು ಮಸ್ಕಿ ಎಂದೇ ಓದಿದಳು. ಕಥೆ ಹೇಳು ಎಂದರೆ ಮಾತ್ರ ಸುಮ್ಮನಾದಳು. ತೆಲುಗಿನಲ್ಲಿ ಹೇಳು ಎಂದೆ. ಒಂದೂ ಬಿಡದೆ, ಕಥೆಯಲ್ಲಿ ಇಲ್ಲದ ಎರಡು ಮಾತನ್ನೂ ಸೇರಿಸಿ ಹೇಳಿದಳು. ತಾಯಿ ಮಗಳ ಮುಖವನ್ನೇ ನೋಡುತ್ತಾ ಕೂತರು. ಅವರಿಗೂ ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಂಬ ಎಳೆದು ಕೊಟ್ಟೆ.